ನಾಲತವಾಡದ ಸಂತೆ, ಮಳೆಯ ಪಣ

ಮುದ್ದೇಬಿಹಾಳದ ನಿಲ್ದಾಣದಲ್ಲಿ ನಾರಾಯಣಪುರದ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ದೊಡ್ಡ ಊರು ನಾಲತವಾಡ. ವೀರೇಶ್ವರ ಶರಣರ ಊರೆಂದು ಸುತ್ತಲಿನ ಹಳ್ಳಿಗಳವರಿಗೆಲ್ಲ ಗೊತ್ತು. ಈಗ ಪಟ್ಟಣ ಪಂಚಾಯಿತಿಯೂ ಆಗಿದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಕಪ್ಪನೆಯ ಎರೆ ಹೊಲಗಳು, ನಡುವೆ ಜಾಲಿ, ಬೇವು, ಅಲ್ಲಲ್ಲಿ ಕಲ್ಲು ಮರಡಿ. ದಕ್ಷಿಣಕ್ಕೆ ಕೆಲವು ಹರದಾರಿ ನಡೆದರೆ ಕೃಷ್ಣಾ ನದಿ. ನಾರಾಯಣಪುರದಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟಿಗೆ ಬಸವಸಾಗರ ಎಂದು ಹೆಸರು. ಉತ್ತರಕ್ಕೆ ತಾಳಿಕೋಟಿಯ ಹತ್ತಿರ ಡೋಣಿ ಹರಿಯುತ್ತದೆ. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಎಂಬ ಗಾದೆ ಈ ಸೀಮೆಯ ಅಜ್ಜಿಯರಿಗೆಲ್ಲ ಬಾಯಿಪಾಠ.

ಆದರೆ ಹೊಳೆ ಹತ್ತಿರವಿದ್ದ ಮಾತ್ರಕ್ಕೆ ಎಲ್ಲ ಹೊಲಕ್ಕೂ ನೀರು ಏರುವುದಿಲ್ಲ. ನೀರು ಏರದ ಹೊಲದವರು ಇಂದಿಗೂ ಮುಗಿಲನ್ನೇ ನೋಡಬೇಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರು. ಮಲೆನಾಡಿನ ಆಗುಂಬೆಯಲ್ಲಿ ಅದು 7000 ಮಿ.ಮೀ. ದಾಟುತ್ತದೆ. ಬೀಳುವ ಇಷ್ಟೇ ಮಳೆಯಲ್ಲೂ ದೊಡ್ಡ ಪಾಲು ಬರುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ, ಹಸ್ತ ಮಳೆಗಳ ಕಾಲಕ್ಕೆ. ಆ ಹಸಿಯನ್ನು ಎರೆಮಣ್ಣು ಹೊಟ್ಟೆಯಲ್ಲಿ ಇಟ್ಟುಕೊಂಡು, ಚಳಿಗಾಲದಲ್ಲಿ ಬಿಳಿಜೋಳವನ್ನು ಬೆಳೆಸುತ್ತದೆ. ಒಂದು ಮಳೆ ಕೈಕೊಟ್ಟರೆ ವರ್ಷದ ರೊಟ್ಟಿಯೇ ಹೋಯಿತು. ಹಾಗಾಗಿ ಇಲ್ಲಿ "ಮಳೆ ಬರುತ್ತದೆಯೋ ಇಲ್ಲವೋ" ಎಂಬುದು ಹೊತ್ತು ಕಳೆಯುವ ಮಾತಲ್ಲ.

ಚಹಾದ ಅಂಗಡಿಯ ಪಣ

ಕಾರಹುಣ್ಣಿಮೆ ಕಳೆದ ಮೇಲೆ ಒಂದು ಭಾನುವಾರ ಏಳನೇ ಇಯತ್ತೆಯ ಮೊಮ್ಮಗಳೊಂದಿಗೆ ನಾಲತವಾಡಕ್ಕೆ ಹೋಗಿದ್ದೆ. ಚಹಾದ ಅಂಗಡಿಯ ಬಾಕಿನ ಮೇಲೆ ಇಬ್ಬರು ಹಿರಿಯರು ಮಾತಿಗೆ ಮಾತು ಬೆಳೆಸಿದ್ದರು.

"ಈ ಸಲ ಬರಾನ ಬರೂದು. ಮಿರಗ ಹೋತು, ಒಂದು ಹನಿ ಇಲ್ಲ."

"ಅಲ್ಲೋ ಮಾರಾಯಾ, ಹಿಂದಿನ ಮಳಿ ಇನ್ನೂ ಉಳದಾವು. ಉತ್ತರಿ ಆದರ ಸಾಕು. ಪಣಾ ಕಟ್ಟತೀಯೇನು?"

"ಕಟ್ಟತೀನಿ. ಎರಡು ಚಹಾ."

ಮೊಮ್ಮಗಳು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಮುತ್ಯಾ, ಮಳಿ ಮ್ಯಾಲೂ ಪಣಾ ಕಟ್ಟತಾರೇನು?"

ಕಟ್ಟುತ್ತಾರೆ. ಎರಡು ಚಹಾಕ್ಕಲ್ಲ, ಮನೆ ಮಾರುವಷ್ಟು ಹಣಕ್ಕೂ ಕಟ್ಟಿದ್ದಾರೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಆ ಮುಂಬಯಿ ಶಹರದಲ್ಲೇ ಬ್ರಿಟಿಷರ ಕಾಲದಲ್ಲಿ ಮಳೆಯ ಸಟ್ಟಾ ಜೋರಾಗಿತ್ತು. ಗೊತ್ತುಪಡಿಸಿದ ಒಂದು ಮಾಳಿಗೆ, ಅದಕ್ಕೊಂದು ನೀರು ಬೀಳುವ ದೋಣಿ. ಇಷ್ಟು ಹೊತ್ತಿನೊಳಗೆ ಆ ದೋಣಿಯಿಂದ ನೀರು ಸುರಿಯುವಷ್ಟು ಮಳೆ ಬರುತ್ತದೆಯೇ, ಇಲ್ಲವೇ? ಇದೇ ಪಣ. ಮೋಡ ದಟ್ಟವಾದಂತೆ ಪಣದ ದರ ಏರಿಳಿಯುತ್ತಿತ್ತು. ಮಳೆಗೆ ಪಣ ಕಟ್ಟುವುದು ಜೂಜೋ ಅಲ್ಲವೋ ಎಂಬ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ಕೊನೆಗೆ 1890ರಲ್ಲಿ ಸರ್ಕಾರ ಜೂಜಿನ ಕಾನೂನಿಗೆ ತಿದ್ದುಪಡಿ ತಂದು ಮಳೆಯ ಪಣವನ್ನೂ ಅದರೊಳಗೆ ಸೇರಿಸಿತು. ಕಲ್ಕತ್ತೆಯ ಬಡಾಬಜಾರಿನಲ್ಲೂ ಇದೇ ಆಟ ನಡೆಯುತ್ತಿತ್ತು. ಅದನ್ನು ತಡೆಯಲು 1897ರಲ್ಲಿ ಬಂಗಾಳದಲ್ಲಿ ಮಳೆ ಜೂಜಿಗೆಂದೇ ಪ್ರತ್ಯೇಕ ಕಾನೂನು ಬಂತು. ರಾಜಸ್ಥಾನದ ಫಲೋದಿ ಎಂಬ ಊರಿನ ಸಟ್ಟಾ ಬಜಾರು ಇಂದಿಗೂ ಮಳೆ ಮತ್ತು ಚುನಾವಣೆಯ ಅಂದಾಜಿಗೆ ಹೆಸರಾಗಿದೆ.

ದರವೇ ಭವಿಷ್ಯ ಹೇಳುವುದು ಹೇಗೆ?

ಈಗ ಕೆಲವು ಪಂಡಿತರು ಒಂದು ಮಾತು ಹೇಳುತ್ತಾರೆ. ಪಣವನ್ನು ಬರೀ ಜೂಜೆಂದು ತಳ್ಳಬೇಡಿ, ಅದರ ದರದಲ್ಲಿ ಜನರ ತಿಳಿವಳಿಕೆ ಅಡಗಿದೆ, ಬರಗಾಲವನ್ನೂ ಅದು ಮುಂಚೆಯೇ ಹೇಳಬಲ್ಲದು ಎನ್ನುತ್ತಾರೆ. ಅದು ಹೇಗೆಂದು ಮೊಮ್ಮಗಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

ಒಂದು ಚೀಟಿ ಇದೆ ಎಂದುಕೊಳ್ಳಿ. ಈ ವರ್ಷ ಮುದ್ದೇಬಿಹಾಳ ತಾಲೂಕಿನಲ್ಲಿ ಬರ ಬಿದ್ದರೆ ಆ ಚೀಟಿಗೆ 10 ರೂಪಾಯಿ ಸಿಗುತ್ತದೆ, ಬೀಳದಿದ್ದರೆ ಏನೂ ಇಲ್ಲ. ಜೂನಿನಲ್ಲಿ ಜನ ಅದನ್ನು 3 ರೂಪಾಯಿಗೆ ಕೊಳ್ಳುತ್ತಿದ್ದರೆ, ಬರ ಬರುವ ಸಾಧ್ಯತೆ ನೂರಕ್ಕೆ 30 ಎಂದು ಸಂತೆಯ ಮನಸ್ಸು ಹೇಳುತ್ತಿದೆ ಎಂದರ್ಥ. ಜುಲೈ ಒಣಗಿ ಹೋಯಿತು, ಚೀಟಿಯ ದರ 6 ಆಯಿತು. ಈಗ ಸಾಧ್ಯತೆ ನೂರಕ್ಕೆ 60. ಒಬ್ಬನಿಗೆ ಬಾವಿಯ ನೀರು ಗೊತ್ತು, ಇನ್ನೊಬ್ಬನಿಗೆ ಗಾಳಿಯ ದಿಕ್ಕು ಗೊತ್ತು, ಮತ್ತೊಬ್ಬ ಹವಾಮಾನದ ವರದಿ ಓದಿದ್ದಾನೆ. ಇವರೆಲ್ಲರ ತಿಳಿವಳಿಕೆಯೂ ಒಂದೇ ಅಂಕಿಯಲ್ಲಿ ಬಂದು ಕೂಡುತ್ತದೆ. ಹಣ ಹಾಕಿರುವುದರಿಂದ ಯಾರೂ ಬಾಯಿಗೆ ಬಂದಂತೆ ಹೇಳುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 1988ರಿಂದ ಚುನಾವಣೆಗೆ ಇಂಥದೇ ಸಣ್ಣ ಮಾರುಕಟ್ಟೆ ನಡೆಸಿ ನೋಡಿದ್ದಾರೆ.

ಹಲವರ ಅಂದಾಜು ಒಬ್ಬನ ಅಂದಾಜಿಗಿಂತ ಮೇಲು ಎನ್ನುವುದಕ್ಕೆ ಒಂದು ಎತ್ತಿನ ಕಥೆಯೂ ಇದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾತ್ರೆಯಲ್ಲಿ ದಪ್ಪನೆಯ ಎತ್ತೊಂದನ್ನು ನಿಲ್ಲಿಸಿ, ಅದರ ಮಾಂಸದ ತೂಕ ಎಷ್ಟಾದೀತು ಎಂದು ಪಂದ್ಯ ಇಟ್ಟರು. ಆರು ಪೆನ್ನಿ ಕೊಟ್ಟು ಚೀಟಿ ಬರೆದು ಹಾಕಬೇಕು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿ ಲೆಕ್ಕ ಹಾಕಿದರು. ಸರಿಯಾಗಿ ಓದಲು ಬಂದ ಚೀಟಿಗಳು 787. ಅವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನ ಅಂಕಿ ನೋಡಿದರೆ 1207 ಪೌಂಡು. ನಿಜವಾದ ತೂಕ 1198 ಪೌಂಡು. ಐದುನೂರು ಕಿಲೋ ದಾಟಿದ ತೂಕದಲ್ಲಿ ತಪ್ಪಿದ್ದು ಬರೀ ನಾಲ್ಕು ಕಿಲೋ!

"ಹಂಗಾರ ಮಳೀನೂ ಹಂಗ ಹೇಳಬೌದಲ್ಲ?" ಎಂದಳು ಮೊಮ್ಮಗಳು. ಎತ್ತು ಎಲ್ಲರ ಕಣ್ಣೆದುರು ನಿಂತಿತ್ತು, ತಂಗಿ. ಬರುವ ಸೆಪ್ಟೆಂಬರಿನ ಮಳೆಯನ್ನು ಯಾರೂ ಕಂಡಿಲ್ಲ. ಎಲ್ಲರೂ ಒಂದೇ ಸುದ್ದಿ ಓದಿ ಒಂದೇ ಅಂದಾಜು ಮಾಡಿದರೆ, ಸಾವಿರ ಜನ ಸೇರಿದರೂ ಅದು ಒಬ್ಬನ ಅಂದಾಜೇ.

ಕರಿ ಹರಿದ ಎತ್ತು

ನಮ್ಮ ಸೀಮೆಯಲ್ಲೂ ಎತ್ತಿನಿಂದಲೇ ಮಳೆ ಕೇಳುವ ಪದ್ಧತಿ ಇದೆ. ಕಾರಹುಣ್ಣಿಮೆಯ ಸಂಜೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಅಗಸೆಯ ಹತ್ತಿರ ಬೇವಿನ ತಪ್ಪಲು ಕಟ್ಟಿದ ಹಗ್ಗ ಹಿಡಿದು ಓಡಿಸುತ್ತಾರೆ. ಇದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ ಜೋಳ ಚೆನ್ನ, ಕೆಂಪು ಎತ್ತು ಹರಿದರೆ ಮುಂಗಾರಿ ಬೆಳೆ ಚೆನ್ನ. ಬಬಲಾದಿಯ ಜಾತ್ರೆಯಲ್ಲಿ ಕಾಲಜ್ಞಾನ ಕೇಳಲು ಜನ ಸೇರುತ್ತಾರೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತಿನಲ್ಲಿ ಕಾರಣಿಕ ನುಡಿದರೆ, ಅದರ ಅರ್ಥ ಬಿಡಿಸುತ್ತ ಜನ ವಾರಗಟ್ಟಲೆ ಮಾತಾಡುತ್ತಾರೆ.

ಇವನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಆದರೆ ಎತ್ತಿಗೆ ಮಳೆ ಗೊತ್ತಿಲ್ಲವೆಂಬುದು ರೈತನಿಗೂ ಗೊತ್ತಿದೆ. ಬಿತ್ತುವ ಮೊದಲು ಊರೆಲ್ಲ ಒಂದೆಡೆ ಸೇರಿ "ಈ ವರ್ಷ ಏನು ಮಾಡೋಣ" ಎಂದು ಮಾತಾಡಲು ಅದೊಂದು ನೆಪ.

ಲೆಕ್ಕದ ದಾರಿ

ಲೆಕ್ಕ ಹಾಕಿ ಮಳೆ ಹೇಳುವ ಕೆಲಸ ಶುರುವಾದದ್ದು ದೊಡ್ಡದೊಂದು ಸಂಕಟದ ನಂತರ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರ ಕಾಡಿತು. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರು ಸತ್ತರು, ಉಳಿದವರು ಊರು ಬಿಟ್ಟರು. ಓಣಿಯಲ್ಲಿ ಐದು ಮನೆ ಇದ್ದರೆ ಒಂದು ಮನೆ ಖಾಲಿಯಾದಂತೆ.

ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿತ್ತು. ಅದರ ಮುಖ್ಯಸ್ಥ ಬ್ಲ್ಯಾನ್‌ಫೋರ್ಡ್ ಹಿಮಾಲಯದಲ್ಲಿ ಬಿದ್ದ ಹಿಮವನ್ನು ನೋಡಿ ಮುಂಗಾರನ್ನು ಅಂದಾಜು ಮಾಡಲು ಹೊರಟರು. 1886ರಲ್ಲಿ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು. ಅವರ ನಂತರ ಬಂದ ಗಿಲ್ಬರ್ಟ್ ವಾಕರ್ ಜಗತ್ತಿನ ನಾನಾ ಕಡೆಯ ಲೆಕ್ಕಗಳನ್ನು ತಾಳೆ ನೋಡಿದರು. ಪೆಸಿಫಿಕ್ ಸಾಗರದ ಆ ಬದಿಯಲ್ಲಿ ಗಾಳಿಯ ಒತ್ತಡ ಏರಿದರೆ ಈ ಬದಿಯಲ್ಲಿ ಇಳಿಯುತ್ತದೆ ಎಂಬ ಉಯ್ಯಾಲೆಯ ಆಟವನ್ನು ಕಂಡುಹಿಡಿದರು. ಇಂದು ನಾವು ಎಲ್ ನಿನೋ ಎಂದು ಕೇಳುವ ಮಾತು ಆ ಉಯ್ಯಾಲೆಗೇ ಸೇರಿದ್ದು. ಸಾವಿರಾರು ಹರದಾರಿ ಆಚೆಯ ಸಮುದ್ರ ಬೆಚ್ಚಗಾದರೆ ನಾಲತವಾಡದ ಜೋಳಕ್ಕೆ ಪೆಟ್ಟು ಬೀಳಬಹುದು.

ಲೆಕ್ಕವೂ ತಪ್ಪುತ್ತದೆ. 2002ರಲ್ಲಿ ಇಲಾಖೆ ದೇಶಕ್ಕೆ ವಾಡಿಕೆಯ 101 ಭಾಗ ಮಳೆ ಎಂದಿತ್ತು. ಬಿದ್ದದ್ದು 81 ಭಾಗ. ಇನ್ನೊಂದು ತೊಡಕೂ ಇದೆ. ದೇಶದ ಲೆಕ್ಕ ಸರಿಯಾದರೂ ತಾಲೂಕಿನ ಲೆಕ್ಕ ಬೇರೆಯಾಗುತ್ತದೆ. 2023ರಲ್ಲಿ ದೇಶಕ್ಕೆ 96 ಭಾಗ ಮಳೆ ಎಂದು ಹೇಳಿದ್ದರು, 94 ಭಾಗ ಬಿತ್ತು. ಅಂದಾಜು ಹೆಚ್ಚೇನೂ ತಪ್ಪಲಿಲ್ಲ. ಆದರೆ ಅದೇ ವರ್ಷ ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಇಡೀ ತರಗತಿ ಪಾಸಾಯಿತೆಂದರೆ ನಮ್ಮ ಮನೆಯ ಮಗುವೂ ಪಾಸಾಯಿತು ಎಂದಲ್ಲವಲ್ಲ! ಇದಕ್ಕಾಗಿಯೇ ಪ್ರತಿ ಊರಿನ ಹತ್ತಿರ ಒಂದು ಮಳೆಮಾಪಕ ಬೇಕು. ಕರ್ನಾಟಕದಲ್ಲಿ 1988ರಲ್ಲೇ ಬರವನ್ನು ಕಾಯಲೆಂದು ಒಂದು ಕೇಂದ್ರ ಶುರುವಾಯಿತು. ಈಗ ಅದರ ಹೆಸರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅದರ ಮಳೆಮಾಪಕಗಳಿವೆ.

ಸಂತೆ ಮೊದಲೇ ಹೇಳುತ್ತದೆ

ಹಾಗಾದರೆ ನಾಲತವಾಡದಲ್ಲಿ ಬರದ ಚೀಟಿ ಮಾರುವ ಮಾರುಕಟ್ಟೆ ಇಲ್ಲವೇ? ಇದೆ. ಅದಕ್ಕೆ ಸಂತೆ ಎನ್ನುತ್ತಾರೆ.

ಸಂತೆಯಲ್ಲಿ ಮೂರು ದರಗಳನ್ನು ನೋಡಬೇಕು. ಒಂದು ಜೋಳದ ದರ. ಮನೆಯಲ್ಲಿ ಜೋಳ ಇದ್ದವರು ಮುಂದೆ ಬೇಕಾದೀತೆಂದು ಮಾರುವುದನ್ನು ನಿಲ್ಲಿಸಿದರೆ ಅದು ಏರುತ್ತದೆ. ಎರಡನೆಯದು ಕಣಿಕೆಯ ದರ. ಮೇವಿನ ಬಣವಿ ಕರಗುತ್ತ ಬಂದು ಹೊಸದು ಬರುವ ಭರವಸೆ ಇಲ್ಲದಾಗ ಒಂದೊಂದು ಸಿವುಡನ್ನೂ ಎಣಿಸಿ ಕೊಡುತ್ತಾರೆ. ಮೂರನೆಯದು ಎತ್ತಿನ ದರ. ಅದು ಇಳಿಯುತ್ತದೆ, ಏಕೆಂದರೆ ಮೇವಿಲ್ಲದವರು ಎಲ್ಲರೂ ಒಂದೇ ಸಲಕ್ಕೆ ಮಾರಲು ಬರುತ್ತಾರೆ. ಕಣಿಕೆ ಏರಿ ಎತ್ತು ಇಳಿದರೆ, ಸರ್ಕಾರ ಬರ ಘೋಷಿಸುವ ಎಷ್ಟೋ ವಾರ ಮೊದಲೇ ಸಂತೆ ಅದನ್ನು ಘೋಷಿಸಿದಂತೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ಇನ್ನೊಂದು ಗುರುತಿತ್ತು. ಶ್ರಾವಣ ಬಂದರೂ ಬಂಗಾರ ಒತ್ತೆ ಇಡುವವರ ಸಾಲು ಕರಗದಿದ್ದರೆ ನಮಗೆ ತಿಳಿಯುತ್ತಿತ್ತು. ಬಿತ್ತನೆಯ ಹೊತ್ತಿಗೆ ಒತ್ತೆ ಇಡುವುದು ಪ್ರತಿ ವರ್ಷದ ಮಾತು. ಎರಡನೇ ಸಲ ಬೀಜ ಕೊಳ್ಳಲು ತಾಯಂದಿರು ಕಿವಿಯ ಬೆಂಡೋಲೆ ಬಿಚ್ಚಿ ತಂದರೆ ಅದು ಬರದ ಮಾತು. ಆಮೇಲೆ ಗೋವಾ, ಪುಣೆಗೆ ಗುಳೆ ಹೋಗುವವರಿಂದ ಬಸ್ಸುಗಳು ತುಂಬುತ್ತವೆ.

ಅಂಗಡಿಯ ಹಿರಿಯರೊಬ್ಬರನ್ನು ಕೇಳಿದೆ: "ಎತ್ತು ಮಾರೋ ಹೊತ್ತಿಗೆ ಮಳಿ ಬರೂದಿಲ್ಲಂತ ನಿಮಗ ಖಾತ್ರಿ ಇರತಿತ್ತೇನ್ರಿ?"

"ಖಾತ್ರಿ ಎಲ್ಲೀದ್ರಿ ಯಜಮಾನ್ರ? ಮಳಿ ಬಂದ್ರ ಎತ್ತು ಇಲ್ಲ, ಎತ್ತು ಇಟಗೊಂಡ್ರ ಮೇವು ಇಲ್ಲ. ಎರಡೂ ಕಡೆ ಸೋಲು. ಚಹಾದ ಪಣಾ ಅಲ್ಲ ಅದು."

ಅವರ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಸಂತೆಯ ದರ ಬರವನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಆ ದರ ಹುಟ್ಟುವುದು ಹೇಗೆ? ಕಾಯಲು ಶಕ್ತಿ ಇಲ್ಲದವರು ಮೊದಲು ಮಾರುತ್ತಾರೆ, ಅವರ ನಷ್ಟವೇ ಉಳಿದವರಿಗೆ ಸೂಚನೆಯಾಗುತ್ತದೆ. ಬರದ ಸುದ್ದಿಗೆ ಬಡವನೇ ಬೆಲೆ ತೆತ್ತಂತೆ.

ಪಣದಲ್ಲಿ ಎಲ್ಲಿ ಎಡವಟ್ಟು?

ಹಣದ ಮಾರುಕಟ್ಟೆ ಕಟ್ಟಿ ಬರವನ್ನು ಮುಂಚೆಯೇ ತಿಳಿಯೋಣ ಎನ್ನುವವರಿಗೆ ಎರಡು ಮಾತು ಕೇಳಬೇಕು.

ಮೊದಲನೆಯದು, ಬರ ಬಿತ್ತೆಂದು ಹೇಳುವವರು ಯಾರು? ತಾಲೂಕನ್ನು ಬರಪೀಡಿತ ಎನ್ನಲು ಮಳೆಯ ಕೊರತೆ, ಮಳೆ ಇಲ್ಲದ ವಾರಗಳು, ಮಣ್ಣಿನ ಹಸಿ, ಉಪಗ್ರಹದಿಂದ ಕಾಣುವ ಹಸಿರು ಎಲ್ಲವನ್ನೂ ನೋಡಿ, ಹಳ್ಳಿಗೆ ಹೋಗಿ ಬೆಳೆಯನ್ನೂ ನೋಡುತ್ತಾರೆ. ಆ ತೀರ್ಮಾನದ ಮೇಲೆ ಲಕ್ಷಗಟ್ಟಲೆ ರೂಪಾಯಿ ಪಣ ನಿಂತರೆ, ನೋಡಲು ಬಂದವರ ಕಣ್ಣಿಗೆ ಪರದೆ ಕಟ್ಟುವವರೂ ಹುಟ್ಟುತ್ತಾರೆ.

ಎರಡನೆಯದು, ಬರದಿಂದ ಜೇಬು ತುಂಬುವವನು ಮಳೆಯನ್ನು ಬಯಸುತ್ತಾನೆಯೇ? ಅಮೆರಿಕದ ಕೊಲರಾಡೊದಲ್ಲಿ ಇಬ್ಬರು ರೈತರು ಸರ್ಕಾರದ ಮಳೆಮಾಪಕಗಳ ಮೇಲೆ ಕೇಕು ಮಾಡುವ ತಟ್ಟೆಯಂಥವನ್ನು ಮುಚ್ಚಿ, ಮಳೆ ಬೀಳಲೇ ಇಲ್ಲವೆಂದು ತೋರಿಸಿ ಬರದ ವಿಮೆ ಪಡೆದರು. ಸಿಕ್ಕಿಬಿದ್ದು ಶಿಕ್ಷೆಯನ್ನೂ ಅನುಭವಿಸಿದರು. ಮಳೆಮಾಪಕ ಸುಳ್ಳು ಹೇಳಿದರೆ ನಿಜವಾಗಿ ನೊಂದವನಿಗೂ ನ್ಯಾಯ ಸಿಗುವುದಿಲ್ಲ.

ವಿಮೆಯೂ ಒಂದು ಪಣವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅದು ತಿರುಗುಮುರುಗಾದ ಪಣ. ನಮ್ಮ ಬೆಳೆ ಹೋಗುತ್ತದೆ ಎಂದು ಹಣ ಕಟ್ಟಿ, ಆ ಪಣದಲ್ಲಿ ಸೋಲಲಿ ಎಂದು ದೇವರಿಗೆ ಕೈ ಮುಗಿಯುತ್ತೇವೆ. ಜೂಜಿನಲ್ಲಿ ಯಾರು ಬೇಕಾದರೂ ಯಾರ ಹೊಲದ ಮೇಲೂ ಪಣ ಕಟ್ಟಬಹುದು. ವಿಮೆಯಲ್ಲಿ ಬೆಳೆ ಇಟ್ಟವನಿಗೆ ಮಾತ್ರ ಪರಿಹಾರ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ಆಹಾರ ಬೆಳೆಗೆ ರೈತ ನೂರಕ್ಕೆ 2, ಹಿಂಗಾರಿಗೆ ಒಂದೂವರೆ ಕಟ್ಟಿದರೆ ಉಳಿದದ್ದನ್ನು ಸರ್ಕಾರಗಳು ಕಟ್ಟುತ್ತವೆ. ಮಳೆಯ ಅಂಕಿಯ ಮೇಲೆ ಕಾನೂನುಬದ್ಧವಾಗಿ ವಾಯಿದೆ ವ್ಯವಹಾರ ನಡೆಸಲು ನಮ್ಮ ದೇಶದ ಕೃಷಿ ಸರಕುಗಳ ವಿನಿಮಯ ಕೇಂದ್ರವೊಂದು 2025ರಲ್ಲಿ ಹವಾಮಾನ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಅದು ಮಳೆಗೆ ಕಾದು ಕೂತವರ ನಷ್ಟ ತುಂಬುವ ದಾರಿಯಾದರೆ ಒಳ್ಳೆಯದು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನಂತೂ 2025ರಲ್ಲೇ ಕೇಂದ್ರದ ಕಾನೂನು ನಿಷೇಧಿಸಿದೆ. ಮಕ್ಕಳು ಮಾತ್ರವಲ್ಲ, ಅಜ್ಜಂದಿರೂ ಇದನ್ನು ನೆನಪಿಡಬೇಕು.

ಹಣವಿಲ್ಲದ ಪಣ

ಪಣದಲ್ಲಿರುವ ಒಳ್ಳೆಯ ಗುಣವನ್ನು ಮಾತ್ರ ಉಳಿಸಿಕೊಂಡು ಹಣವನ್ನು ಬಿಡಲು ಬರುತ್ತದೆ. ಮಕ್ಕಳೇ, ಇದನ್ನು ನಿಮ್ಮ ಶಾಲೆಯಲ್ಲಿ ಮಾಡಿ ನೋಡಿ. ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿ, ಮರ ಮಾಡುಗಳಿಂದ ದೂರ ಇಡಿ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಅಷ್ಟೇ ಮಳೆಯ ಲೆಕ್ಕ.

ಇನ್ನು ಅಂದಾಜಿನ ವಹಿ. "ಈ ವಾರ ಮಳೆ ಬರುವ ಸಾಧ್ಯತೆ ನೂರಕ್ಕೆ ಎಷ್ಟು?" ಎಂದು ಪ್ರತಿ ಸೋಮವಾರ ಎಲ್ಲರೂ ಬರೆಯಿರಿ. ಒಬ್ಬರಿಗೊಬ್ಬರು ತೋರಿಸಬೇಡಿ. ನೂರಕ್ಕೆ 70 ಎಂದು ಬರೆದರೆ ಅದು 0.7. ಮಳೆ ಬಂದರೆ 1, ಬಾರದಿದ್ದರೆ 0. ಎರಡರ ಅಂತರವನ್ನು ಅದರಿಂದಲೇ ಗುಣಿಸಿ. ಮಳೆ ಬಂದರೆ 0.3 × 0.3 = 0.09. ಬಾರದಿದ್ದರೆ 0.7 × 0.7 = 0.49. ವರ್ಷದ ಕೊನೆಗೆ ಯಾರ ಅಂಕ ಎಲ್ಲಕ್ಕಿಂತ ಕಡಿಮೆಯೋ ಅವರು ಗೆದ್ದರು. ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ 1950ರಲ್ಲಿ ಹೇಳಿಕೊಟ್ಟ ಲೆಕ್ಕ ಇದು. ಖಂಡಿತ ಎಂದು ಜಂಬ ಕೊಚ್ಚಿದವನಿಗೆ ತಪ್ಪಿದಾಗ ದೊಡ್ಡ ಪೆಟ್ಟು, ಅನುಮಾನವನ್ನು ಅನುಮಾನವಾಗಿಯೇ ಹೇಳಿದವನಿಗೆ ಸಣ್ಣ ಪೆಟ್ಟು. ಎಲ್ಲರ ಅಂಕಿಗಳ ಸರಾಸರಿ ತೆಗೆದು ಅದಕ್ಕೂ ಒಂದು ಸಾಲು ಕೊಡಿ. ತರಗತಿಯ ಬಹುಪಾಲು ಜನರಿಗಿಂತ ಆ ಸರಾಸರಿಯೇ ಮುಂದಿದ್ದರೆ ಆಶ್ಚರ್ಯಪಡಬೇಡಿ.

ಅಜ್ಜ ಅಜ್ಜಿಯರಿಗೂ ಇಲ್ಲಿ ಕೆಲಸವಿದೆ. ಯಾವ ವರ್ಷ ಯಾವ ಮಳೆ ಹೋಯಿತು, ಆಗ ಏನು ಬಿತ್ತಿದರು, ಮೇವಿಗೆ ಏನು ಮಾಡಿದರು ಎಂಬುದನ್ನು ಅದೇ ವಹಿಯ ಹಿಂಬದಿಯಲ್ಲಿ ಬರೆಸಿ. ಈ ಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಒಳ್ಳೆಯ ವರ್ಷದ ಜೋಳವನ್ನು ಕೆಟ್ಟ ವರ್ಷಕ್ಕೆಂದು ಇಡುತ್ತಿದ್ದರು. ಬರ ಯಾವ ವರ್ಷ ಬರುತ್ತದೆಂದು ಆ ಹಿರಿಯರಿಗೆ ಗೊತ್ತಿರಲಿಲ್ಲ. ಬಂದೇ ಬರುತ್ತದೆ ಎಂಬುದು ಗೊತ್ತಿತ್ತು.

ಈಗ ನಮ್ಮ ಕೈಯಲ್ಲಿ ಉಪಗ್ರಹ ಇದೆ, ಮಳೆಮಾಪಕ ಇದೆ, ಸಮುದ್ರದ ಬಿಸಿಯ ಲೆಕ್ಕವೂ ಇದೆ. ಜುಲೈನಲ್ಲಿಯೇ ನೂರಕ್ಕೆ 60 ಎಂದು ಗೊತ್ತಾದರೆ, ಆಗಲೇ ಮೇವಿನ ಬ್ಯಾಂಕು ತೆರೆಯಬೇಕು, ಕೂಲಿ ಕೆಲಸ ಶುರುವಾಗಬೇಕು, ಬೀಜ ಸಿಗಬೇಕು. ಸಂತೆಯಲ್ಲಿ ಎತ್ತಿನ ದರ ಬೀಳುವ ಮೊದಲು ಇಷ್ಟು ನಡೆದರೆ ಮುನ್ಸೂಚನೆ ಗೆದ್ದಿತು. ನಾಲತವಾಡದ ಆ ಇಬ್ಬರು ಹಿರಿಯರಲ್ಲಿ ಚಹಾ ಯಾರು ಕುಡಿಸಿದರೂ ಆಗ ಚಿಂತೆಯಿಲ್ಲ.